ಪ್ಲೇಟ್‌ಲೆಟ್‌ಗಳ ಕೆಲಸವನ್ನು ನಾನು ಪರೀಕ್ಷಿಸುವ ಬಗೆ

ರಕ್ತ ಪರೀಕ್ಷೆಯ ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್ ಅನ್ನುವ ಸಾಲಿನ ಮುಂದೆ ಒಂದೇ ಒಂದು ಸಂಖ್ಯೆ ಇರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇದ್ದರೆ ಸರಿ ಅಂತ ಬಹಳ ಜನಕ್ಕೆ ಗೊತ್ತು. ಆದರೆ ಸಂಖ್ಯೆ ಸರಿಯಾಗಿದ್ದೂ ರಕ್ತ ನಿಲ್ಲದವರು ಇದ್ದಾರೆ. ಸಂಖ್ಯೆ ಕುಸಿದಿದ್ದರೂ ನಾಳದೊಳಗೆ ರಕ್ತ ಹೆಪ್ಪುಗಟ್ಟಿ ತೊಂದರೆಗೆ ಬೀಳುವವರೂ ಇದ್ದಾರೆ. ನನ್ನ ಲ್ಯಾಬ್ ಕೆಲಸ ಇಂಥವರ ರಕ್ತದ ಮೇಲೆಯೇ. ಎಷ್ಟಿವೆ ಅಂತ ಯಂತ್ರ ಎಣಿಸಿಕೊಡುತ್ತದೆ. ಅವು ಏನು ಮಾಡುತ್ತಿವೆ ಅಂತ ನಾನು ನೋಡಬೇಕು.

ಪ್ಲೇಟ್‌ಲೆಟ್ ಅಂದರೆ ಪೂರ್ತಿ ಜೀವಕೋಶ ಕೂಡ ಅಲ್ಲ. ಮೂಳೆ ಮಜ್ಜೆಯಲ್ಲಿರುವ ಮೆಗಾಕಾರಿಯೋಸೈಟ್ ಅನ್ನುವ ದೊಡ್ಡ ಕೋಶದಿಂದ ಕಳಚಿಕೊಂಡ ಚೂರು ಅದು. ಅಗಲ 2ರಿಂದ 3 ಮೈಕ್ರಾನ್. ಒಳಗೆ ನ್ಯೂಕ್ಲಿಯಸ್ ಇಲ್ಲ. ಬದುಕುವುದು 7ರಿಂದ 10 ದಿನ. ಇಷ್ಟು ಚಿಕ್ಕದರೊಳಗೆ ಅಂಟಿಕೊಳ್ಳುವ, ಸುತ್ತಲಿನವನ್ನು ಕರೆಯುವ, ಬಿಳಿ ರಕ್ತಕಣಗಳನ್ನು ಎಬ್ಬಿಸುವ ಸಾಮಗ್ರಿಯೆಲ್ಲ ತಯಾರಾಗಿ ಕೂತಿರುತ್ತದೆ. ನಾಳದ ಒಳಪದರ ಸರಿಯಾಗಿದ್ದಷ್ಟು ಹೊತ್ತು ಅದು ನೈಟ್ರಿಕ್ ಆಕ್ಸೈಡ್ ಮತ್ತು ಪ್ರೋಸ್ಟಾಸೈಕ್ಲಿನ್ ಬಿಡುತ್ತಾ ಪ್ಲೇಟ್‌ಲೆಟ್‌ಗಳನ್ನು ಸುಮ್ಮನಿರಿಸುತ್ತದೆ. ರಕ್ತ ಟ್ಯೂಬಿಗೆ ಬಂದ ಮೇಲೆ ಆ ರಕ್ಷಣೆ ಇಲ್ಲ. ಆದ್ದರಿಂದ ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಶ್ರಮ ಹೋಗುವುದು ಪ್ಲೇಟ್‌ಲೆಟ್‌ಗಳನ್ನು ಎಚ್ಚರಿಸದೆ ಕಾಯುವುದಕ್ಕೆ.

ಅದು ರಕ್ತ ತೆಗೆಯುವಾಗಲೇ ಶುರುವಾಗುತ್ತದೆ. ತೋಳಿಗೆ ಪಟ್ಟಿ ಕಟ್ಟಿದರೂ ಬಿಗಿಯಾಗಿ ಬಹಳ ಹೊತ್ತು ಬಿಡುವುದಿಲ್ಲ. ಸೂಜಿ ತೀರಾ ಸಣ್ಣದಿರಬಾರದು. 21 ಗೇಜ್ ನನಗೆ ಒಗ್ಗಿದ್ದು. ಸಣ್ಣ ಸೂಜಿಯಲ್ಲಿ ರಕ್ತ ರಭಸವಾಗಿ ನುಗ್ಗಿದರೆ ಅಲ್ಲೇ ಪ್ಲೇಟ್‌ಲೆಟ್‌ಗಳು ಕೆರಳುತ್ತವೆ. ಮೊದಲು ಬಂದ ಕೆಲವು ಮಿಲಿಲೀಟರ್ ರಕ್ತವನ್ನು ಈ ಪರೀಕ್ಷೆಗೆ ಬಳಸುವುದಿಲ್ಲ. ಸೂಜಿ ಚುಚ್ಚಿದ ಜಾಗದ, ಹೆಪ್ಪುಗಟ್ಟುವುದನ್ನು ಶುರು ಮಾಡುವ ಟಿಶ್ಯೂ ಫ್ಯಾಕ್ಟರ್ ಅದರಲ್ಲಿ ಬೆರೆತಿರಬಹುದು. ಟ್ಯೂಬಿನಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುವ 3.2 ಶೇಕಡಾ ಸಿಟ್ರೇಟ್ ಒಂದು ಪಾಲು, ರಕ್ತ ಒಂಬತ್ತು ಪಾಲು. ಗೆರೆ ಮುಟ್ಟದಷ್ಟು ಕಡಿಮೆ ತುಂಬಿದ ಟ್ಯೂಬ್ ಬಂದರೆ ವಾಪಸ್ ಕಳಿಸುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ನಿಜ. ಆದರೆ ಸಿಟ್ರೇಟ್ ಜಾಸ್ತಿಯಾಗಿ ಕ್ಯಾಲ್ಸಿಯಂ ಕಡಿಮೆಯಾದ ರಕ್ತದಲ್ಲಿ ಬಂದ ಉತ್ತರ ಆ ರೋಗಿಯದ್ದಲ್ಲ.

ಇನ್ನೊಂದು ವಿಷಯದಲ್ಲಿ ನಾನು ಬಹಳ ಗಟ್ಟಿ. ಈ ಮಾದರಿಯನ್ನು ಫ್ರಿಜ್ಜಿನಲ್ಲಿ ಇಡಬಾರದು, ಐಸ್ ಮೇಲೆ ತರಬಾರದು. ತಣ್ಣಗಾದರೆ ಚಪ್ಪಟೆ ಬಿಲ್ಲೆಯಂತಿದ್ದ ಪ್ಲೇಟ್‌ಲೆಟ್ ಗುಂಡಗಾಗಿ ಮುಳ್ಳು ಮುಳ್ಳಾಗುತ್ತದೆ. ಉಳಿದ ಎಷ್ಟೋ ರಕ್ತ ಮಾದರಿಗಳಿಗೆ ತಂಪು ಒಳ್ಳೆಯದು, ಇದಕ್ಕೆ ಒಳ್ಳೆಯದಲ್ಲ. ಬ್ಲಡ್ ಬ್ಯಾಂಕಿನಲ್ಲೂ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಚೀಲಗಳನ್ನು 20ರಿಂದ 24 ಡಿಗ್ರಿಯಲ್ಲಿ ಮೆಲ್ಲಗೆ ಅಲುಗಾಡಿಸುತ್ತಾ ಇಡುತ್ತಾರೆ.

ಲ್ಯಾಬಿಗೆ ಬಂದ ಮೇಲೆ ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ 200 ಜಿ ಬಲದಲ್ಲಿ, ಅಂದರೆ ಗುರುತ್ವದ 200 ಪಟ್ಟು ಬಲದಲ್ಲಿ, 10 ನಿಮಿಷ ತಿರುಗಿಸುತ್ತೇನೆ. ಸೆಂಟ್ರಿಫ್ಯೂಜಿಗೆ ಬ್ರೇಕ್ ಹಾಕುವುದಿಲ್ಲ. ಕೆಂಪು ಕಣಗಳು ಕೆಳಗೆ ಕೂರುತ್ತವೆ, ಮೇಲೆ ಪ್ಲೇಟ್‌ಲೆಟ್ ತುಂಬಿದ ಮಸುಕಾದ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಪ್ಲಾಸ್ಟಿಕ್ ಪೈಪೆಟ್‌ನಲ್ಲಿ ಅದನ್ನು ನಿಧಾನವಾಗಿ ಎತ್ತಿ ಬೇರೆ ಟ್ಯೂಬಿಗೆ ಹಾಕಿ ಮುಚ್ಚಳ ಹಾಕುತ್ತೇನೆ. ಈ ಹಂತದಲ್ಲಿ ನಾನು ತಪ್ಪದೆ ಮಾಡುವ ಕೆಲಸವೊಂದಿದೆ. ಟ್ಯೂಬನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತೇನೆ. ಪ್ಲೇಟ್‌ಲೆಟ್‌ಗಳು ಇನ್ನೂ ಬಿಲ್ಲೆಯಾಕಾರದಲ್ಲೇ ಇದ್ದರೆ, ರೇಷ್ಮೆ ಸೀರೆಯ ಮಡಿಕೆ ಅಲುಗಿದ ಹಾಗೆ ಒಳಗೆ ಮಿನುಗು ಸುಳಿಯುತ್ತದೆ. ಗುಂಡಗಾಗಿಬಿಟ್ಟಿದ್ದರೆ ದ್ರವ ಬರೀ ಮಬ್ಬು, ಸುಳಿವಿಲ್ಲ. ಯಂತ್ರ ಏನನ್ನೂ ಹೇಳುವ ಮೊದಲೇ ಕಣ್ಣಿಗೆ ಸಿಗುವ ಈ ಸೂಚನೆಯನ್ನು ನಾನು ತುಂಬಾ ನಂಬುತ್ತೇನೆ. ಇಲ್ಲಿಂದ ಮುಂದೆ ಗಡಿಯಾರದ ಜೊತೆ ಓಟ. ರಕ್ತ ತೆಗೆದ 4 ಗಂಟೆಯೊಳಗೆ ಎಲ್ಲ ಮುಗಿಯಬೇಕು.

ಉಳಿದ ರಕ್ತವನ್ನು ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ಇಲ್ಲದ ತಿಳಿ ಪ್ಲಾಸ್ಮಾ ಸಿಗುತ್ತದೆ. ಅಗ್ರಿಗೋಮೀಟರ್ ಅನ್ನುವ ಯಂತ್ರಕ್ಕೆ ಇವೆರಡೂ ಬೇಕು. 1962ರಲ್ಲಿ ಗುಸ್ತಾವ್ ಬಾರ್ನ್ ತೋರಿಸಿಕೊಟ್ಟ ವಿಧಾನ ಇದು. ಇವತ್ತಿಗೂ ಅದೇ ತಳಹದಿ. ತಿಳಿ ಪ್ಲಾಸ್ಮಾದ ಮೂಲಕ ಹಾಯುವ ಬೆಳಕು ನೂರು, ಪ್ಲೇಟ್‌ಲೆಟ್ ತುಂಬಿದ್ದರ ಮೂಲಕ ಹಾಯುವುದು ಸೊನ್ನೆ. 37 ಡಿಗ್ರಿಯಲ್ಲಿ ಕಲಕುತ್ತಾ ಇರುವಾಗ ಕೆರಳಿಸುವ ಒಂದು ಪದಾರ್ಥ ಹಾಕುತ್ತೇನೆ. ಪ್ಲೇಟ್‌ಲೆಟ್‌ಗಳು ಗುಂಪುಗೂಡಿದಷ್ಟೂ ದ್ರವ ತಿಳಿಯಾಗಿ ಗೆರೆ ಮೇಲೇರುತ್ತದೆ.

ಹಾಗೆ ಕೆರಳಿಸುವ ಪದಾರ್ಥಗಳಲ್ಲಿ ಎಡಿಪಿ ಒಂದು. ಅದನ್ನು ಹಾಕಿದಾಗ ಮೂಡುವ ಗೆರೆ ನನಗೆ ಎಲ್ಲಕ್ಕಿಂತ ಇಷ್ಟ. ಗೆರೆ ಏರುವ ಮೊದಲು ಒಂಚೂರು ಕೆಳಗಿಳಿಯುತ್ತದೆ. ಬಿಲ್ಲೆಗಳು ಗುಂಡಗಾಗುತ್ತಿರುವ ಗಳಿಗೆ ಅದು. ಆಮೇಲೆ ಏರಿಕೆ. ಎಡಿಪಿ ಕಡಿಮೆ ಹಾಕಿದರೆ ಸ್ವಲ್ಪ ಏರಿ ಮತ್ತೆ ಇಳಿಯುತ್ತದೆ. ಅಂದರೆ ಹಿಡಿದ ಕೈ ಬಿಟ್ಟವು. ಪ್ರಮಾಣ ಸಾಕಷ್ಟಿದ್ದರೆ ಎರಡನೇ ಅಲೆ ಬರುತ್ತದೆ. ಪ್ಲೇಟ್‌ಲೆಟ್ ತನ್ನೊಳಗಿನ ಚೀಲಗಳಿಂದ ತನ್ನದೇ ಎಡಿಪಿ ಬಿಡುತ್ತದೆ, ಥ್ರಾಂಬಾಕ್ಸೇನ್ ತಯಾರಿಸುತ್ತದೆ, ಅವು ಪಕ್ಕದ ಪ್ಲೇಟ್‌ಲೆಟ್‌ಗಳನ್ನು ಎಬ್ಬಿಸುತ್ತವೆ. ಗಾಯದಲ್ಲಿ ರಕ್ತ ನಿಲ್ಲುವುದೂ ಹೀಗೇ. ಹರಿದ ನಾಳದಲ್ಲಿ ಗೋಡೆಯ ನಾರಿನಂಥ ಪ್ರೋಟೀನ್ ಕೊಲ್ಯಾಜನ್ ತೆರೆದುಕೊಳ್ಳುತ್ತದೆ. ರಕ್ತದಲ್ಲಿರುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅನ್ನುವ ಪ್ರೋಟೀನ್ ಅದಕ್ಕೆ ಅಂಟುತ್ತದೆ, ಓಡುತ್ತಿರುವ ಪ್ಲೇಟ್‌ಲೆಟ್ ಅದನ್ನು ಹಿಡಿದು ನಿಲ್ಲುತ್ತದೆ. ನಿಂತದ್ದು ಉಳಿದವನ್ನು ಕರೆಯುತ್ತದೆ. ಕೊನೆಗೆ ರಕ್ತದಲ್ಲಿರುವ ಫೈಬ್ರಿನೋಜನ್ ಅನ್ನುವ ಪ್ರೋಟೀನ್ ಒಂದು ಪ್ಲೇಟ್‌ಲೆಟ್ಟನ್ನು ಇನ್ನೊಂದಕ್ಕೆ ಕಟ್ಟುತ್ತದೆ. ಅಷ್ಟು ಹೊತ್ತಿಗೆ ಪ್ಲೇಟ್‌ಲೆಟ್‌ನ ಹೊರಮೈಗೆ ಒಳಗಿನ ಫಾಸ್ಫಟೈಡಿಲ್‌ಸೆರಿನ್ ಅನ್ನುವ ಕೊಬ್ಬಿನ ಪದಾರ್ಥ ಬಂದಿರುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಅದರ ಮೇಲೇ ಕೂತು ಹೆಪ್ಪನ್ನು ಗಟ್ಟಿಗೊಳಿಸುವ ಥ್ರಾಂಬಿನ್ ತಯಾರಿಸುತ್ತವೆ. ಪ್ಲೇಟ್‌ಲೆಟ್ ಬೇರೆ, ಹೆಪ್ಪುಗಟ್ಟುವುದು ಬೇರೆ ಅಂತ ಪಠ್ಯದಲ್ಲಿ ಎರಡು ಅಧ್ಯಾಯ ಮಾಡಿರುತ್ತಾರೆ. ಲ್ಯಾಬಿನಲ್ಲಿ ಕೂತು ನೋಡಿದರೆ ಅವು ಬೇರೆ ಅನ್ನಿಸುವುದೇ ಇಲ್ಲ.

"ಮೇಡಂ, ಎಲ್ಲಾ ರಿಪೋರ್ಟ್ ನಾರ್ಮಲ್ ಅಂತಾರೆ, ಆದ್ರೂ ಮಗಳಿಗೆ ಮೂಗಲ್ಲಿ ರಕ್ತ ಬಂದ್ರೆ ನಿಲ್ಲೋದೇ ಇಲ್ಲ" ಅಂತ ಒಬ್ಬರು ತಾಯಿ ಬಂದಿದ್ದರು. ಹುಡುಗಿಯ ಪ್ಲೇಟ್‌ಲೆಟ್ ಸಂಖ್ಯೆ ನಿಜಕ್ಕೂ ಸರಿಯಾಗಿಯೇ ಇತ್ತು. ಎಡಿಪಿ ಹಾಕಿದೆ, ಗೆರೆ ಏಳಲಿಲ್ಲ. ಕೊಲ್ಯಾಜನ್, ಎಪಿನೆಫ್ರಿನ್, ಅರಾಕಿಡಾನಿಕ್ ಆಮ್ಲ, ಯಾವುದಕ್ಕೂ ಏಳಲಿಲ್ಲ. ರಿಸ್ಟೋಸೆಟಿನ್ ಒಂದಕ್ಕೆ ಮಾತ್ರ ಏರಿತು. ಪಕ್ಕದಲ್ಲೇ ಓಡಿಸಿದ ಆರೋಗ್ಯವಂತರ ಮಾದರಿ ಎಲ್ಲದಕ್ಕೂ ಚೆನ್ನಾಗಿ ಏರಿತ್ತು. ಹಾಗಾಗಿ ದೋಷ ಯಂತ್ರದ್ದಲ್ಲ, ನಾನು ಹಾಕಿದ ಪದಾರ್ಥಗಳದ್ದೂ ಅಲ್ಲ. ಇದು ಗ್ಲಾನ್ಸ್‌ಮನ್ ಕಾಯಿಲೆಯ ಚಿತ್ರ. 1918ರಲ್ಲಿ ಎಡ್ವರ್ಡ್ ಗ್ಲಾನ್ಸ್‌ಮನ್ ವಿವರಿಸಿದ್ದು. ಫೈಬ್ರಿನೋಜನ್ ಹಿಡಿಯುವ ಗ್ರಾಹಕ ಪ್ಲೇಟ್‌ಲೆಟ್ ಮೇಲೆ ಇರುವುದಿಲ್ಲ, ಅಥವಾ ಇದ್ದರೂ ಕೆಲಸ ಮಾಡುವುದಿಲ್ಲ. ಆಮೇಲೆ ಕಣಗಳ ಮೈಮೇಲಿನ ಪ್ರೋಟೀನುಗಳನ್ನು ಬೆಳಕಿನಿಂದ ಗುರುತಿಸುವ ಫ್ಲೋ ಸೈಟೋಮೀಟರ್‌ನಲ್ಲಿ ಆ ಗ್ರಾಹಕದ ಎರಡು ಭಾಗಗಳಾದ ಸಿಡಿ41 ಮತ್ತು ಸಿಡಿ61 ನೋಡಿ ಖಚಿತ ಮಾಡಿಕೊಂಡೆವು. ಅಷ್ಟು ವರ್ಷ ಆ ತಾಯಿ ಹೇಳಿಕೊಂಡು ಬಂದಿದ್ದು ನಿಜವೇ ಆಗಿತ್ತು.

ರಿಸ್ಟೋಸೆಟಿನ್ ಬಗ್ಗೆ ಒಂದು ಮಾತು. ಅದು ಮೊದಲು ಸೋಂಕಿಗೆ ಕೊಡುತ್ತಿದ್ದ ಆ್ಯಂಟಿಬಯೋಟಿಕ್. ರೋಗಿಗಳಲ್ಲಿ ಪ್ಲೇಟ್‌ಲೆಟ್ ಇಳಿಯತೊಡಗಿದ್ದರಿಂದ ಅದನ್ನು ಬಿಟ್ಟರು. ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರನ್ನು ಪ್ಲೇಟ್‌ಲೆಟ್‌ಗೆ ಅಂಟಿಸುವ ಅದರ ಗುಣವೇ 1971ರಿಂದ ನಮ್ಮ ಪರೀಕ್ಷೆಗೆ ಆಧಾರವಾಯಿತು. ಉಳಿದೆಲ್ಲಕ್ಕೂ ಗೆರೆ ಏರಿ ಇದಕ್ಕೊಂದಕ್ಕೆ ಏರದಿದ್ದರೆ ಆ ಫ್ಯಾಕ್ಟರ್‌ನಲ್ಲೇ ಕೊರತೆ ಇರುವ ವಾನ್ ವಿಲ್ಲೆಬ್ರಾಂಡ್ ಕಾಯಿಲೆ, ಅಥವಾ ಅದನ್ನು ಹಿಡಿಯುವ ಪ್ಲೇಟ್‌ಲೆಟ್ ಗ್ರಾಹಕದಲ್ಲಿ ದೋಷವಿರುವ ಬರ್ನಾರ್ಡ್-ಸೂಲಿಯೇ ಕಾಯಿಲೆ ಇರಬಹುದೇ ಅಂತ ಹುಡುಕುತ್ತೇವೆ.

ಅರಾಕಿಡಾನಿಕ್ ಆಮ್ಲಕ್ಕೆ ಮಾತ್ರ ಗೆರೆ ಸಪ್ಪೆಯಾಗಿದ್ದರೆ ನಾನು ಮೊದಲು ಕಾಯಿಲೆ ಹುಡುಕುವುದಿಲ್ಲ, ಮಾತ್ರೆ ಹುಡುಕುತ್ತೇನೆ. "ಯಾವ ಔಷಧಿನೂ ತಗೊಂಡಿಲ್ಲ" ಅನ್ನುತ್ತಾರೆ. "ತಲೆನೋವು, ಮೈಕೈ ನೋವಿಗೆ?" ಅಂತ ಕೇಳಿದರೆ "ಅದಾ, ಅದು ಔಷಧಿ ಅಲ್ವಲ್ಲ" ಅಂತ ಉತ್ತರ. ಅರಾಕಿಡಾನಿಕ್ ಆಮ್ಲದಿಂದ ಥ್ರಾಂಬಾಕ್ಸೇನ್ ತಯಾರಾಗಲು ಬೇಕಾದ ಪ್ಲೇಟ್‌ಲೆಟ್‌ನ ಕಾಕ್ಸ್-1 ಕಿಣ್ವವನ್ನು ಆಸ್ಪಿರಿನ್ ಶಾಶ್ವತವಾಗಿ ಕೆಡಿಸುತ್ತದೆ. ನ್ಯೂಕ್ಲಿಯಸ್ ಇಲ್ಲದ ಪ್ಲೇಟ್‌ಲೆಟ್ ಅದನ್ನು ಮತ್ತೆ ತಯಾರಿಸಿಕೊಳ್ಳಲಾರದು. ಆ ಪ್ಲೇಟ್‌ಲೆಟ್ ಸಾಯುವ ತನಕ ಪರಿಣಾಮ ಉಳಿಯುತ್ತದೆ. ಪರೀಕ್ಷೆಗೆ ಮುಂಚೆ 7ರಿಂದ 10 ದಿನ ಆಸ್ಪಿರಿನ್ ಬೇಡ ಅನ್ನುವುದು ಇದಕ್ಕೇ. ಹೃದಯದ ಕಾಯಿಲೆಗೆ ವೈದ್ಯರು ಬರೆದುಕೊಟ್ಟಿದ್ದನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು. ಅಂಥವರಿಗೆ ಈ ತಡೆಯೇ ಜೀವ ಉಳಿಸುವುದು. ಅಪಧಮನಿಯ ಗೋಡೆಯಲ್ಲಿ ಕೂಡಿದ ಕೊಬ್ಬಿನ ಗಂಟು ಒಡೆದರೆ ಪ್ಲೇಟ್‌ಲೆಟ್‌ಗೆ ಅದೂ ಗಾಯವೇ. ಅದೇ ಕೊಲ್ಯಾಜನ್, ಅದೇ ಎಡಿಪಿ, ಅದೇ ಎರಡನೇ ಅಲೆ. ಹೊರಗೆ ಹರಿದಿದ್ದರೆ ರಕ್ತ ನಿಲ್ಲುತ್ತಿತ್ತು. ಹೃದಯದ ನಾಳದೊಳಗೆ ಆದದ್ದರಿಂದ ರಕ್ತ ಹರಿಯುವುದೇ ನಿಂತುಹೋಗುತ್ತದೆ.

ಉರಿಯೂತದ ಕಡೆ ನನ್ನ ಗಮನ ಹೋಗಿದ್ದು ಫ್ಲೋ ಸೈಟೋಮೀಟರ್‌ನಿಂದ. ಕೆರಳಿದ ಪ್ಲೇಟ್‌ಲೆಟ್ ತನ್ನ ಆಲ್ಫಾ ಚೀಲಗಳಲ್ಲಿದ್ದ ಪಿ-ಸೆಲೆಕ್ಟಿನ್ ಅನ್ನುವ ಅಂಟು ಪ್ರೋಟೀನನ್ನು ಮೈಮೇಲೆ ತಂದುಕೊಳ್ಳುತ್ತದೆ. ಮೊನೊಸೈಟ್ ಮತ್ತು ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಅದನ್ನು ಗುರುತು ಹಿಡಿದು ಬಂದು ಅಂಟುತ್ತವೆ. ಇದನ್ನು ಅಳೆಯುವಾಗ ನಾನು ರಕ್ತವನ್ನು ತಿರುಗಿಸುವುದೂ ಇಲ್ಲ, ಕಲಕುವುದೂ ಇಲ್ಲ. ಇಡೀ ರಕ್ತದ ಕೆಲವು ಮೈಕ್ರೋಲೀಟರ್‌ಗೆ ಹೊಳೆಯುವ ಬಣ್ಣ ಹಚ್ಚಿದ ಆ್ಯಂಟಿಬಾಡಿ ಸೇರಿಸಿ ಕತ್ತಲಲ್ಲಿಟ್ಟು, ಇದ್ದ ಸ್ಥಿತಿಯಲ್ಲೇ ಉಳಿಯುವ ಹಾಗೆ ಫಿಕ್ಸ್ ಮಾಡುತ್ತೇನೆ. ಬರೀ ಪಿ-ಸೆಲೆಕ್ಟಿನ್ ನೋಡಿದರೆ ಸಾಲದು ಅಂತ ನನ್ನ ಅಭಿಪ್ರಾಯ. ಪ್ಲೇಟ್‌ಲೆಟ್ ಅದನ್ನು ಬೇಗ ಉದುರಿಸಿಕೊಂಡು ಏನೂ ಆಗದ ಹಾಗೆ ಓಡಾಡಬಲ್ಲದು. ಮೊನೊಸೈಟ್‌ಗೆ ಅಂಟಿದ ಪ್ಲೇಟ್‌ಲೆಟ್‌ಗಳನ್ನು ಲೆಕ್ಕ ಹಾಕಿದರೆ ಹೆಚ್ಚು ತಿಳಿಯುತ್ತದೆ. ಸೋಂಕು ಜೋರಾಗಿರುವವರಲ್ಲಿ ಈ ಜೋಡಿಗಳು ಜಾಸ್ತಿ ಕಾಣುತ್ತವೆ. ಪ್ಲೇಟ್‌ಲೆಟ್‌ನ ಪ್ರಚೋದನೆಯಿಂದ ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಲೆಯಾಗಿ ಹೊರಗೆಸೆಯುತ್ತದೆ. ಸೂಕ್ಷ್ಮಜೀವಿ ಅದರಲ್ಲಿ ಸಿಕ್ಕಿಬೀಳುತ್ತದೆ, ಆದರೆ ಹೆಪ್ಪು ಕಟ್ಟುವುದಕ್ಕೂ ಅದೇ ಬಲೆ ಆಸರೆಯಾಗುತ್ತದೆ. ದೊಡ್ಡ ಸೋಂಕಿನ ಜೊತೆ ನಾಳಗಳಲ್ಲಿ ಹೆಪ್ಪು ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಪ್ಲೇಟ್‌ಲೆಟ್ ಕಡಿಮೆ ಅಂತ ಬಂದ ಮಾದರಿಗೆ ನಾನು ಮೊದಲು ಮಾಡುವುದು ಸ್ಮಿಯರ್, ಅಂದರೆ ರಕ್ತದ ಹನಿಯನ್ನು ಸ್ಲೈಡಿನ ಮೇಲೆ ತೆಳುವಾಗಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ರಕ್ತ ಎಣಿಸಲು ಬಳಸುವ, ಹೆಪ್ಪು ತಡೆಯುವ ಇಡಿಟಿಎ ಹಾಕಿದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಸುಮ್ನೆ ಮುದ್ದೆ ಕಟ್ಟುತ್ತವೆ, ಯಂತ್ರಕ್ಕೆ ಎಣಿಸಲು ಸಿಗುವುದಿಲ್ಲ. ಸ್ಲೈಡಿನಲ್ಲಿ ಗುಂಪು ಕಂಡರೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿದರೆ ಸಾಮಾನ್ಯವಾಗಿ ಮುಗಿಯಿತು. ಸಂಖ್ಯೆ ನಿಜವಾಗಿಯೂ ಇಳಿದಿದ್ದು, ಆ ರೋಗಿಗೆ ಹೆಪಾರಿನ್ ಶುರುವಾಗಿ 5ರಿಂದ 10 ದಿನ ಆಗಿದ್ದರೆ ಲ್ಯಾಬಿನಲ್ಲಿ ಎಲ್ಲರೂ ಚುರುಕಾಗುತ್ತೇವೆ. ಹೆಪಾರಿನ್ ಕೊಡುವುದು ಹೆಪ್ಪು ತಡೆಯಲಿಕ್ಕೆ. ಕೆಲವರಲ್ಲಿ ಮಾತ್ರ ಅದು ಪ್ಲೇಟ್‌ಲೆಟ್ ಬಿಟ್ಟ ಪಿಎಫ್4 ಪ್ರೋಟೀನಿಗೆ ಅಂಟುತ್ತದೆ, ಆ ಜೋಡಿಯ ವಿರುದ್ಧ ಆ್ಯಂಟಿಬಾಡಿ ಹುಟ್ಟುತ್ತದೆ. ಆ್ಯಂಟಿಬಾಡಿ ಪ್ಲೇಟ್‌ಲೆಟ್‌ಗಳನ್ನೇ ಕೆರಳಿಸುತ್ತದೆ. ಸಂಖ್ಯೆ ಅರ್ಧಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತಿರುವಾಗಲೇ ನಾಳಗಳಲ್ಲಿ ಹೆಪ್ಪು ಬೆಳೆಯುತ್ತದೆ. ಕಡಿಮೆ ಇದೆಯಲ್ಲ ಅಂತ ದಾನಿಗಳ ಪ್ಲೇಟ್‌ಲೆಟ್ ಏರಿಸುವುದು ಇಲ್ಲಿ ಪರಿಹಾರವಲ್ಲ. ರಕ್ತಸ್ರಾವ ಇದ್ದರೆ ಅಥವಾ ಅದರ ಅಪಾಯ ಬಹಳ ಇದ್ದರೆ ಮಾತ್ರ ವೈದ್ಯರು ಅದನ್ನು ಯೋಚಿಸುತ್ತಾರೆ.

ಇದನ್ನು ಖಚಿತ ಮಾಡಲು ಆರೋಗ್ಯವಂತ ದಾನಿಯ ಪ್ಲೇಟ್‌ಲೆಟ್ ತೆಗೆದುಕೊಂಡು ರೋಗಿಯ ಸೀರಂ ಸೇರಿಸುತ್ತೇನೆ. ಒಂದು ಟ್ಯೂಬಿಗೆ ಔಷಧಿಯಾಗಿ ಕೊಡುವಷ್ಟೇ ಮಟ್ಟದ ಹೆಪಾರಿನ್, ಇನ್ನೊಂದಕ್ಕೆ ಅದರ ಎಷ್ಟೋ ಪಟ್ಟು. ಕಡಿಮೆ ಇದ್ದಲ್ಲಿ ಪ್ಲೇಟ್‌ಲೆಟ್‌ಗಳು ಕೆರಳಿ, ಜಾಸ್ತಿ ಇದ್ದಲ್ಲಿ ಸುಮ್ಮನಿದ್ದರೆ ಉತ್ತರ ಸಿಕ್ಕಿತು. 2021ರಲ್ಲಿ ಅಡಿನೋವೈರಸ್ ಬಳಸಿದ ಕೋವಿಡ್ ಲಸಿಕೆಗಳ ನಂತರ ಬಹಳ ಅಪರೂಪಕ್ಕೆ ಕಂಡ ಹೆಪ್ಪಿನಲ್ಲೂ ಪಿಎಫ್4 ವಿರುದ್ಧದ ಆ್ಯಂಟಿಬಾಡಿಯೇ ಸಿಕ್ಕಿತು, ಹೆಪಾರಿನ್ ಸೋಕಿರದಿದ್ದರೂ. ಅದಕ್ಕೆ ಪರೀಕ್ಷೆಯಲ್ಲಿ ಹೆಪಾರಿನ್ ಬದಲು ಪಿಎಫ್4 ಸೇರಿಸಿ ನೋಡುತ್ತಾರೆ. ವೈದ್ಯರು ನಮ್ಮ ಫಲಿತಾಂಶಕ್ಕೆ ಕಾಯುವುದಿಲ್ಲ, ಕಾಯಲೂಬಾರದು. ಅನುಮಾನ ಬಲವಾದ ಕೂಡಲೇ ಹೆಪಾರಿನ್ ನಿಲ್ಲಿಸಿ ಬೇರೆ ಔಷಧಿ ಶುರು ಮಾಡುತ್ತಾರೆ. ಆ ರೋಗಿಗೆ ಮುಂದೆ ಯಾವತ್ತಾದರೂ ಹೆಪಾರಿನ್ ಕೊಡಬಹುದೋ ಇಲ್ಲವೋ ಅನ್ನುವುದಕ್ಕೆ ನಮ್ಮ ಗೆರೆ ಆಧಾರ. ಹಾಗಾಗಿ ಈ ಪರೀಕ್ಷೆಯನ್ನು ಒಬ್ಬ ದಾನಿಯ ಪ್ಲೇಟ್‌ಲೆಟ್ ಮೇಲೆ ಮಾಡಿ ಬಿಡುವುದಿಲ್ಲ. ಎಲ್ಲರ ಪ್ಲೇಟ್‌ಲೆಟ್‌ಗಳೂ ಈ ಆ್ಯಂಟಿಬಾಡಿಗೆ ಒಂದೇ ಥರ ಸ್ಪಂದಿಸುವುದಿಲ್ಲ. ಬೇರೆ ಬೇರೆ ದಾನಿಗಳ ಮೇಲೆ ಮಾಡಿ, ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೇ ರಿಪೋರ್ಟಿಗೆ ಸಹಿ ಹಾಕುತ್ತೇನೆ.