ಕಾಲುವೆ ಕೊನೆಭಾಗದ ಊರಲ್ಲಿ 2040ರ ಲೆಕ್ಕ: ನನ್ನ ಅನುಭವ

2040ರ ತನಕ ಊರಿನ ನೀರಿಗೆ ಬರಬಹುದಾದ ಬೇರೆ ಬೇರೆ ನಾಳೆಗಳನ್ನು ಊರವರೊಂದಿಗೆ ಕೂತು ಲೆಕ್ಕ ಹಾಕುವ ಸಭೆಯ ಕ್ರಮ ಇದು. ‘ಊರಿನ ಭವಿಷ್ಯ’ ಎಂದು ಹೆಸರಿಟ್ಟು ಸಭೆ ಕರೆದರೆ ಭಾಷಣಗಳಾಗುತ್ತವೆ, ತೀರ್ಮಾನ ಆಗುವುದಿಲ್ಲ. ಆದ್ದರಿಂದ ಮೊದಲು ಪಂಚಾಯಿತಿ ಈ ವರ್ಷ ಮಾಡಲೇಬೇಕಾದ ಒಂದು ಠರಾವನ್ನು ಹಿಡಿಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿ, ಸಿರವಾರ ಕಡೆಯ ಊರುಗಳಲ್ಲಿ ನಾವು ಹಿಡಿಯುವ ಪ್ರಶ್ನೆ ಇದು: ಇರುವ ದುಡ್ಡಿನಲ್ಲಿ ಕುಡಿಯುವ ನೀರಿನ ಕೆರೆ ಆಳ ಮಾಡಬೇಕೋ, ನದಿಯಿಂದ ಪೈಪ್‌ಲೈನ್ ಕೇಳಬೇಕೋ? ಅವಧಿ 15 ವರ್ಷ, ಅಂದರೆ ಪಂಚಾಯಿತಿಯ ಮೂರು ಅವಧಿ. ಅದಕ್ಕಿಂತ ಕಡಿಮೆ ಇಟ್ಟರೆ ಮಾತು ಮುಂದಿನ ಚುನಾವಣೆ ದಾಟುವುದಿಲ್ಲ.

ಸಭೆಗೆ 20–25 ಜನ ಸಾಕು. ಸದಸ್ಯರು, ಪಿಡಿಒ ಹೇಗೂ ಬರುತ್ತಾರೆ. ಲೀಜಿಗೆ ಹೊಲ ಮಾಡುವವರು, ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಕಾಲುವೆ ಗ್ಯಾಂಗ್‌ಮನ್, ಊರ ವಾಟರ್‌ಮನ್ ಇವರನ್ನು ಮನೆತನಕ ಹೋಗಿ ಕರೆಯಬೇಕು. ಕೂಲಿ ತಪ್ಪುತ್ತದೆಂದು ಬಾರದವರೇ ನೀರಿನ ಕಷ್ಟ ಹೆಚ್ಚು ಬಲ್ಲವರು. ಅವರಿಗೆ ದಿನದ ಕೂಲಿ ಕೊಡಲು ಸಭೆಯ ಖರ್ಚಿನಲ್ಲಿ ಮೊದಲೇ ಹಣ ಇಡುತ್ತೇವೆ.

ಮುಂದಿನ 15 ವರ್ಷ ನೋಡಲು ಹಿಂದಿನ 30 ವರ್ಷವನ್ನು ಗೋಡೆ ಮೇಲಿನ ಹಾಳೆಗೆ ಏರಿಸುತ್ತೇವೆ: ಯಾವ ವರ್ಷ ಎರಡನೇ ಬೆಳೆಗೆ ನೀರು ಬರಲಿಲ್ಲ, ಯಾವ ವರ್ಷ ಗುಳೆ ಹೆಚ್ಚಾಯಿತು. ಆಮೇಲೆ ಊರಿನ ನೀರನ್ನು ಬದಲಿಸಬಲ್ಲ ಸಂಗತಿಗಳನ್ನು ಒಬ್ಬೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಕೊಡುತ್ತಾರೆ. ಬರೆಯಲು ಬಾರದವರ ಮಾತನ್ನು ಬೇರೆ ಊರಿನವರು ಬರೆದುಕೊಳ್ಳುತ್ತಾರೆ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ರೂಪುಗೊಂಡ, ಹೆಸರು ಮರೆಸಿ ಹಲವರ ಅಂದಾಜು ಕೂಡಿಸುವ ಡೆಲ್ಫಿ ವಿಧಾನದ ತಿರುಳೂ ಇದೇ. ಯಾರು ಹೇಳಿದರೆಂಬುದು ಮರೆಯಾದಾಗ ಗೌಡರ ಮಾತಿಗೂ ಕೂಲಿಯವರ ಮಾತಿಗೂ ಒಂದೇ ತೂಕ.

ಚೀಟಿಗಳನ್ನು ಎರಡು ರಾಶಿ ಮಾಡಬೇಕು. ಖಚಿತವಾದವು ಒಂದು ಕಡೆ: 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಹಿಡಿಯುವುದು 105 ಟಿಎಂಸಿ ಚಿಲ್ಲರೆ. ಇದು ಎಲ್ಲ ನಾಳೆಗಳಲ್ಲೂ ಇದ್ದೇ ಇರುವ ಸತ್ಯ, ಇದರ ಮೇಲೆ ಚರ್ಚೆ ಬೇಡ. ಅನಿಶ್ಚಿತವಾದವು ಇನ್ನೊಂದು ಕಡೆ. ಅವುಗಳಲ್ಲಿ ಯಾವುದು ಹೆಚ್ಚು ಮುಖ್ಯ ಎಂಬುದಕ್ಕೆ ಒಬ್ಬರಿಗೆ ಐದರಂತೆ ಹುಣಸೆ ಬೀಜ ಕೊಟ್ಟು ಇಡಿಸುತ್ತೇವೆ.

ಹೆಚ್ಚು ಬೀಜ ಬಿದ್ದ ಎರಡು ಸಂಗತಿಗಳಿಗೆ ಒಂದೊಂದಕ್ಕೂ ‘ಹೆಚ್ಚು’, ‘ಕಡಿಮೆ’ ಎಂದು ಹಿಡಿದು ಅಡ್ಡ-ಉದ್ದ ಗೆರೆ ಎಳೆದರೆ ನಾಲ್ಕು ಚೌಕ, ಒಂದೊಂದು ಚೌಕವೂ ಒಂದೊಂದು ನಾಳೆ. ಆದರೆ ಕೆಡುವುದೂ ಇಲ್ಲೇ. ‘ಎರಡನೇ ಬೆಳೆಗೆ ನೀರು’, ‘ಗುಳೆ’ ಇವೆರಡನ್ನು ಜೋಡಿಸಿದರೆ ಚೌಕ ನಾಲ್ಕಾದರೂ ಕತೆ ಎರಡೇ, ಏಕೆಂದರೆ ನೀರು ನಿಂತರೆ ಗುಳೆ ಹೇಗೂ ಏರುತ್ತದೆ. ಒಂದರ ಬೆನ್ನಿಗೆ ಇನ್ನೊಂದು ಬರುವಂಥವನ್ನು ಜೋಡಿ ಮಾಡಬಾರದು. ನಮ್ಮ ಭಾಗಕ್ಕೆ ಹೊಂದುವ ಜೋಡಿ: ಮಲೆನಾಡಿನ ಮಳೆಯಿಂದ ಜಲಾಶಯಕ್ಕೆ ಬರುವ ಒಳಹರಿವು, ಮತ್ತು ಮೇಲ್ಭಾಗದಲ್ಲಿ ಗಂಗಾವತಿಯಿಂದ ಸಿಂಧನೂರಿನವರೆಗೆ ಹಬ್ಬಿರುವ ಭತ್ತದ ಎಕರೆ. ಆಗ ಹುಟ್ಟುವ ಒಂದು ಚೌಕದಲ್ಲಿ ಡ್ಯಾಂ ತುಂಬಿದೆ, ಭತ್ತವೂ ಹೆಚ್ಚಿದೆ, ಕೊನೆಭಾಗದ ಉಪಕಾಲುವೆ ಮಾತ್ರ ಒಣಗಿದೆ. ‘ಡ್ಯಾಂ ತುಂಬಿದರೆ ಚಿಂತಿಲ್ಲ’ ಎಂಬ ನಂಬಿಕೆ ಮುರಿಯುವುದು ಈ ಚೌಕದಲ್ಲಿ. ನನ್ನ ಮಟ್ಟಿಗೆ ಇಡೀ ಕೆಲಸದ ಫಲ ಇದೊಂದರಲ್ಲೇ ಇದೆ.

ಇನ್ನು ಲೆಕ್ಕ. 6,000 ಜನರ ಊರು ಎಂದುಕೊಳ್ಳಿ. ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್, ಅಂದರೆ 3.3 ಲಕ್ಷ ಲೀಟರ್. ಏಪ್ರಿಲ್ 10ರ ಹೊತ್ತಿಗೆ ಕಾಲುವೆ ನಿಂತು ಜುಲೈ 20ರ ಹೊತ್ತಿಗೆ ಬಂದರೆ 100 ದಿನಕ್ಕೆ 3.3 ಕೋಟಿ ಲೀಟರ್ ಬೇಕು. ಎರಡನೇ ಬೆಳೆಗೆ ನೀರಿಲ್ಲದೆ ಡಿಸೆಂಬರ್ ಮೊದಲಿಗೇ ನಿಂತರೆ 230 ದಿನ, ಸುಮಾರು 7.6 ಕೋಟಿ ಲೀಟರ್. ದನಕರುಗಳ ನೀರು ಇದರಲ್ಲಿಲ್ಲ. ಬಿಸಿಲಿಗೆ ದಿನಕ್ಕೆ 8 ಮಿ.ಮೀ. ಆರುತ್ತದೆಂದು ಹಿಡಿದರೂ 100 ದಿನಕ್ಕೆ 80 ಸೆಂ.ಮೀ. ಹೋಯಿತು. ಅಗಲಕ್ಕಿಂತ ಆಳದ ಕೆರೆಯೇ ಮೇಲು ಎಂಬುದಕ್ಕೆ ಕಾರಣ ಇದು. ಎರೆಮಣ್ಣಿನ ಏರಿಯಾದರೆ ಕೆರೆ ಪೂರ್ತಿ ಬರಿದಾಗಲು ಬಿಡಬಾರದು. ಒಣಗಿ ಬಿರಿದ ಏರಿ ಮುಂದಿನ ಸಲ ತುಂಬಿದಾಗ ಸೋರುತ್ತದೆ.

ಈಗ ಪ್ರತಿ ಕಾಮಗಾರಿಯನ್ನೂ ನಾಲ್ಕು ಚೌಕಕ್ಕೆ ಹಿಡಿದು ನೋಡುತ್ತೇವೆ. 100 ದಿನದ ನೀರು ಹಿಡಿಯುವ ಕೆರೆ, ಒಳಹರಿವು ಕಡಿಮೆ ಇರುವ ಚೌಕಗಳಲ್ಲಿ ಸೋಲುತ್ತದೆ. ನದಿ ಪೈಪ್‌ಲೈನ್ ಕೂಡ ಅದೇ ಚೌಕಗಳಲ್ಲಿ ಸೋಲುತ್ತದೆ, ಏಕೆಂದರೆ ಆಗ ನದಿಯಲ್ಲೂ ನೀರಿಲ್ಲ. 230 ದಿನದ ಕೆರೆ ನಿಲ್ಲುತ್ತದೆ, ಆದರೆ ಕಾಲುವೆ ಹರಿಯುವಾಗಲೇ ತುಂಬಿಸಿಕೊಂಡರೆ ಮಾತ್ರ.

ಹೀಗಾಗಿ ಕೊನೆಯ ಹಂತ, ಅಂದರೆ ಮುನ್ಸೂಚನೆಗಳ ಪಟ್ಟಿ, ತಪ್ಪಿಸುವಂತಿಲ್ಲ. ನವೆಂಬರ್ ಸುಮಾರಿಗೆ ಸೇರುವ ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ನೀರಿಲ್ಲ ಎಂದರೆ, ಅದೇ ವಾರ ಕೆರೆ ತುಂಬಿಸಿ, ಹೊಲಕ್ಕೆ ನೀರೆತ್ತುವ ಪಂಪ್‌ಸೆಟ್ ತೆಗೆಸುವ ಠರಾವು ಮೊದಲೇ ಬರೆದು ಇಟ್ಟಿರಬೇಕು. ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಯಾರು ನೋಡಬೇಕು, ಇಳಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಪಟ್ಟಿಯಲ್ಲಿರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್‌ಗೇಟ್‌ನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಂಥ ಘಟನೆ ಯಾವ ಚೌಕದಲ್ಲೂ ಕೂರುವುದಿಲ್ಲ. ಅಂಥದ್ದಕ್ಕೆ ಪಟ್ಟಿಯ ಕೆಳಗೆ ಬೇರೆ ಸಾಲು ಬಿಟ್ಟು, ಸುದ್ದಿ ಬಂದ ದಿನವೇ ಕೆರೆಯ ಮಟ್ಟ ಅಳೆದು ದಿನಗಳ ಲೆಕ್ಕ ಮತ್ತೆ ಹಾಕಬೇಕು ಎಂದು ಬರೆಸುತ್ತೇವೆ.

ಇದೆಲ್ಲ ಅಕ್ಟೋಬರ್ 2ರ ಮೊದಲೇ ಮುಗಿದಿರಬೇಕು. ಅಲ್ಲಿಂದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಸಭೆಗಳು ಶುರುವಾಗುತ್ತವೆ, ಕ್ರಿಯಾಯೋಜನೆಗೆ ಒಮ್ಮೆ ಸೇರಿಸಿದ ಮೇಲೆ ಸಾಲು ಬದಲಿಸುವುದು ಕಷ್ಟ. ಹಾಳೆಯ ಒಂದು ಪ್ರತಿ ಪಂಚಾಯಿತಿ ಗೋಡೆಗೆ, ಇನ್ನೊಂದು ವಾಟರ್‌ಮನ್ ಕೈಗೆ ಹೋಗುತ್ತದೆ.