ಒಂದೇ ಮಗುವಿಗೆ ಪಾಠ: ವಿಷಯವಾರು ದಿನದ ಪ್ರಗತಿಯನ್ನು ಬರೆದಿಡುವ ಕ್ರಮ

ಒಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುವವರಿಗೆ ತರಗತಿಯ ಶಿಕ್ಷಕರಿಗಿಲ್ಲದ ಒಂದು ತೊಡಕಿದೆ. ಮೂವತ್ತು ಮಕ್ಕಳ ನಡುವೆ ಕುಳಿತ ಮಗು ಲೆಕ್ಕದಲ್ಲಿ ತಡವರಿಸಿದರೆ ಯಾರೂ ತಕ್ಷಣ ನೆರವಿಗೆ ಬರುವುದಿಲ್ಲ. ಪಕ್ಕದಲ್ಲೇ ಇರುವ ತಾಯಿಯೋ ಮನೆಪಾಠದ ಮೇಷ್ಟ್ರೋ ಆದರೆ ಅರೆಕ್ಷಣದಲ್ಲಿ ಸುಳಿವು ಕೊಟ್ಟುಬಿಡುತ್ತಾರೆ, ಮಗು ಸರಿಯಾದ ಉತ್ತರ ಬರೆಯುತ್ತದೆ, ಪುಟ ತಿರುಗುತ್ತದೆ. ಸಂಜೆ ಪುಸ್ತಕ ತೆರೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ದಿನದ ದಾಖಲೆಯಲ್ಲಿ ಎಷ್ಟು ಪಾಠವಾಯಿತು ಎನ್ನುವುದಕ್ಕಿಂತ ಎಷ್ಟು ನೆರವು ಬೇಕಾಯಿತು ಎನ್ನುವುದನ್ನು ಮೊದಲು ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಆಲೋಚನೆ ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಶಿಕ್ಷಕರ ಪೂರ್ಣ ಸಹಾಯದಿಂದ, ಭಾಗಶಃ ಸಹಾಯದಿಂದ, ಸಹಪಾಠಿಗಳ ಸಹಾಯದಿಂದ, ಕೊನೆಗೆ ಸ್ವಕಲಿಕೆಯಿಂದ ಕಲಿಯುವಂತೆ ಗುಂಪುಗಳಿರುತ್ತವೆ. ಕಲಿಯಬೇಕಾದುದನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ‘ಕಲಿಕಾ ಏಣಿ’ಯ ಯಾವ ಮೆಟ್ಟಿಲಲ್ಲಿ ಪ್ರತಿ ಮಗು ಇದೆ ಎಂಬುದನ್ನು ‘ಪ್ರಗತಿ ನೋಟ’ದಲ್ಲಿ ಗುರುತಿಸುತ್ತಾರೆ. ಮನೆಯಲ್ಲಿ ಸಹಪಾಠಿಗಳಿಲ್ಲ ಎಂಬುದೊಂದನ್ನು ಬಿಟ್ಟರೆ ಈ ಕ್ರಮ ಒಬ್ಬ ವಿದ್ಯಾರ್ಥಿಗೂ ಹಾಗೆಯೇ ಒಗ್ಗುತ್ತದೆ.

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ಬೆಳಿಗ್ಗೆಯೇ ಅಂದಿನ ಉದ್ದೇಶವನ್ನು ವಿಷಯಕ್ಕೊಂದು ಸಾಲಿನಂತೆ ಬರೆಯಿರಿ. ‘ಗಣಿತ, ಪುಟ 42’ ಎಂದು ಬರೆಯುವ ಬದಲು ‘ಮಧ್ಯದಲ್ಲಿ ಸೊನ್ನೆ ಇರುವ ಸಂಖ್ಯೆಯಿಂದ ಕಳೆಯುವುದು’ ಎಂದು ಬರೆದರೆ ಸಂಜೆ ಅದು ಆಯಿತೋ ಇಲ್ಲವೋ ಎಂದು ಹೇಳಲು ಸಾಧ್ಯವಾಗುತ್ತದೆ. ಬಲಪುಟದಲ್ಲಿ, ಆ ಪಾಠ ಮುಗಿದ ಕೂಡಲೇ, ಮೂರರಲ್ಲಿ ಒಂದು ಗುರುತು ಹಾಕಿ. ಮಗು ತಾನಾಗಿ ಮಾಡಿದ್ದರೆ ‘ತಾ’, ಒಂದೆರಡು ಸುಳಿವು ಬೇಕಾಗಿದ್ದರೆ ‘ಸು’, ನೀವು ಜೊತೆಗೂಡಿ ಮಾಡಿಸಿದ್ದರೆ ‘ಜೊ’. ಗುರುತಿನ ಪಕ್ಕದಲ್ಲಿ ಮಗು ಬರೆದ ಅಥವಾ ಹೇಳಿದ ಒಂದು ತಪ್ಪನ್ನು ತಿದ್ದದೆ, ಇದ್ದ ಹಾಗೆಯೇ ನಕಲಿಸಿ. ರಾತ್ರಿ ನೆನಪಿಸಿಕೊಂಡು ಬರೆಯುತ್ತೇನೆಂದು ಬಿಟ್ಟರೆ ನೆನಪಿನಲ್ಲಿ ಉಳಿಯುವುದು ನಮ್ಮ ಬೋಧನೆ ಮಾತ್ರ.

ತಪ್ಪನ್ನು ಇದ್ದ ಹಾಗೆಯೇ ಬರೆದಿಡಬೇಕೆಂದು ಒತ್ತಿ ಹೇಳಲು ಕಾರಣವಿದೆ. 402ರಿಂದ 175ನ್ನು ಕಳೆಯಲು ಕೊಟ್ಟಾಗ ಒಂದು ಮಗು 373 ಎಂದು ಬರೆಯಬಹುದು, ಇನ್ನೊಂದು 137 ಎಂದು ಬರೆಯಬಹುದು. ಉತ್ತರ 227 ಆದ್ದರಿಂದ ಎರಡೂ ತಪ್ಪು, ಅಂಕದ ಲೆಕ್ಕದಲ್ಲಿ ಎರಡಕ್ಕೂ ಸೊನ್ನೆ. ಆದರೆ ಮೊದಲನೆಯ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಅಂದರೆ ಅದಕ್ಕೆ ದಶಕ ಪಡೆಯುವ ಕ್ರಮವೇ ತಿಳಿದಿಲ್ಲ. ಎರಡನೆಯದಕ್ಕೆ ಕ್ರಮ ತಿಳಿದಿದೆ. ಸೊನ್ನೆಯನ್ನು ದಾಟಿ ನೂರರ ಸ್ಥಾನದಿಂದ ಬಿಡಿಗೆ ಒಮ್ಮೆ, ಹತ್ತರ ಸ್ಥಾನಕ್ಕೆ ಮತ್ತೊಮ್ಮೆ, ಹೀಗೆ ಎರಡು ಬಾರಿ ಪಡೆದಿದೆ. ಮೊದಲನೆಯ ಮಗುವಿಗೆ ಕಡ್ಡಿ ಕಟ್ಟುಗಳೊಂದಿಗೆ ಬುಡದಿಂದ ಆರಂಭಿಸಬೇಕು. ಎರಡನೆಯದಕ್ಕೆ ನೂರನ್ನು ಮೊದಲು ಹತ್ತು ಹತ್ತುಗಳಾಗಿ ಬಿಡಿಸಿ ತೋರಿಸಿದರೆ ಸಾಕಾಗಬಹುದು. ‘ವ್ಯವಕಲನ ಬರುವುದಿಲ್ಲ’ ಎಂಬ ಟಿಪ್ಪಣಿಯಿಂದ ಇದಾವುದೂ ತಿಳಿಯುವುದಿಲ್ಲ.

ಕನ್ನಡದಲ್ಲಿಯೂ ಇದೇ ಎಚ್ಚರ ಬೇಕು. ಉಕ್ತಲೇಖನದಲ್ಲಿ ಮಗು ‘ವರ್ಷ’ವನ್ನು ‘ವಷ್ರ’ ಎಂದು ಬರೆದರೆ ಅದು ಅಜಾಗರೂಕತೆಯಲ್ಲ. ಅರ್ಕಾವತ್ತಿನಲ್ಲಿ ರಕಾರ ಮೊದಲು ಕೇಳಿಸುತ್ತದೆ, ಆದರೆ ಅದರ ಚಿಹ್ನೆಯನ್ನು ಅಕ್ಷರದ ನಂತರ ಬರೆಯಬೇಕು. ಕಿವಿಯ ಕ್ರಮಕ್ಕೂ ಕೈಯ ಕ್ರಮಕ್ಕೂ ಹೊಂದಾಣಿಕೆ ಇನ್ನೂ ಆಗಿಲ್ಲ. ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆಯುವ ಮಗುವಿನದು ಬೇರೆಯೇ ಸಂಗತಿ, ಅದು ಮನೆಯ ಆಡುಮಾತನ್ನು ಕೇಳಿದಂತೆ ಬರೆಯುತ್ತಿದೆ, ಅದನ್ನು ಗದರಿಸುವಂತಿಲ್ಲ. ಈ ಎರಡನ್ನೂ ಒಂದೇ ‘ಕಾಗುಣಿತ ದೋಷ’ದ ಕೆಳಗೆ ಸೇರಿಸಬೇಡಿ. ಓದಿನ ಪ್ರಗತಿಗಾದರೆ ತಿಂಗಳಿಗೊಮ್ಮೆ ಒಂದು ನಿಮಿಷದ ಓದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದು ಒಳ್ಳೆಯದು. ಇಂಗ್ಲಿಷಿಗೂ ಇದನ್ನೇ ಮಾಡಬಹುದು.

ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳಲ್ಲಿ ದಿನದಿನದ ಏರಿಕೆಯನ್ನು ಹುಡುಕಬೇಕಾಗಿಲ್ಲ. ವಾರಕ್ಕೆರಡು ಟಿಪ್ಪಣಿ ಸಾಕು. ಮೊಳಕೆ ಕಟ್ಟಿದ ಹೆಸರುಕಾಳನ್ನು ಮಗುವೇ ನೋಡಿ ಚಿತ್ರ ಬರೆದಿದ್ದರೆ ಅದೇ ದಾಖಲೆ. ಕರ್ನಾಟಕದ ಖಾಲಿ ನಕ್ಷೆಯಲ್ಲಿ ಕೃಷ್ಣಾ, ತುಂಗಭದ್ರಾ, ಕಾವೇರಿ, ಶರಾವತಿಗಳನ್ನು ನೆನಪಿನಿಂದ ಗುರುತಿಸಿದ ಹಾಳೆಯೂ ಹಾಗೆಯೇ.

ಒಂದು ದಿನದ ‘ತಾ’ವನ್ನು ನಂಬಬಾರದು. ಮರುದಿನದ ಪಾಠವನ್ನು ಹಿಂದಿನ ದಿನದ ಒಂದೊಂದು ಪ್ರಶ್ನೆಯಿಂದ, ಪುಸ್ತಕ ಮುಚ್ಚಿ, ಆರಂಭಿಸಿ. ಅದೇ ಸಂಗತಿಯನ್ನು ಒಂದು ವಾರ ಬಿಟ್ಟು, ಆಮೇಲೆ ಒಂದು ತಿಂಗಳು ಬಿಟ್ಟು ಮತ್ತೆ ಕೇಳಿ. ಮೂರೂ ಬಾರಿ ನೆರವಿಲ್ಲದೆ ಬಂದರೆ ಎಡಪುಟದ ಆ ಸಾಲಿನ ಸುತ್ತ ಗೆರೆ ಎಳೆಯಬಹುದು. ಬಾರದಿದ್ದರೆ ಬೇಸರಪಡುವ ಅಗತ್ಯವಿಲ್ಲ, ಅದು ಮರುದಿನದ ಎಡಪುಟಕ್ಕೆ ಹೋಗುತ್ತದೆ.

ಶನಿವಾರ ಸಂಜೆ ಕಾಲು ಗಂಟೆ ಮಗುವಿನ ಜೊತೆಯಲ್ಲಿಯೇ ಕುಳಿತು ವಾರದ ಪುಟಗಳನ್ನು ನೋಡಿ. ಒಂದು ವಿಷಯದಲ್ಲಿ ಸತತವಾಗಿ ‘ಜೊ’ ಬಂದಿದ್ದರೆ ಪಾಠ ಮಗುವಿನ ಮಟ್ಟಕ್ಕಿಂತ ಮೇಲಿದೆ ಎಂದರ್ಥ, ಒಂದು ಮೆಟ್ಟಿಲು ಕೆಳಗಿಳಿಸಿ. ಎಲ್ಲವೂ ‘ತಾ’ ಆಗಿದ್ದರೆ ಮಗುವಿಗೆ ಈಗಾಗಲೇ ಗೊತ್ತಿರುವುದನ್ನೇ ನೀವು ಹೇಳುತ್ತಿದ್ದೀರಿ. ಈ ಪುಸ್ತಕವನ್ನು ನೆಂಟರಿಗೆ ತೋರಿಸಿ ಮಗುವನ್ನು ಹೋಲಿಸುವುದು ಮಾತ್ರ ಖಂಡಿತ ಕೂಡದು. ಹಾಗೆ ಮಾಡಿದ ಮರುದಿನದಿಂದಲೇ ಮಗು ತಪ್ಪುಗಳನ್ನು ಮುಚ್ಚಿಡಲು ಕಲಿಯುತ್ತದೆ.

ತಿಂಗಳಿಗೆ ಪ್ರತಿ ವಿಷಯದ ಎರಡು ಹಾಳೆಗಳನ್ನು ದಿನಾಂಕ ಹಾಕಿ ಕೃತಿಸಂಪುಟದಲ್ಲಿ, ಅಂದರೆ ಮಗುವಿನ ಕೆಲಸಗಳನ್ನು ಕೂಡಿಡುವ ಕಡತದಲ್ಲಿ, ಸೇರಿಸಿಡಿ, ಅಂದದ ಹಾಳೆಗಳನ್ನಷ್ಟೇ ಆರಿಸಬೇಡಿ. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಸುವ ಯೋಚನೆ ಇರುವವರಿಗೆ ಇದು ನೇರವಾಗಿ ನೆರವಾಗುತ್ತದೆ. ಅಲ್ಲಿ ಹದಿನಾಲ್ಕು ವರ್ಷ ತುಂಬಿದ ಮಕ್ಕಳು ನೋಂದಾಯಿಸಿಕೊಂಡು, ಐದು ವರ್ಷಗಳ ಅವಧಿಯೊಳಗೆ ವಿಷಯಗಳನ್ನು ಬಿಡಿಬಿಡಿಯಾಗಿ ಬರೆಯಬಹುದು. ಯಾವುದನ್ನು ಮೊದಲು ಬರೆಸಬೇಕು, ಯಾವುದಕ್ಕೆ ಇನ್ನಾರು ತಿಂಗಳು ಕೊಡಬೇಕು ಎಂಬುದನ್ನು ಈ ಪುಟಗಳನ್ನು ನೋಡಿ ತೀರ್ಮಾನಿಸಬಹುದು. ಮಗು ಮತ್ತೆ ಶಾಲೆಗೆ ಸೇರುವುದಾದರೆ, ಕೊನೆಯ ಮೂರು ತಿಂಗಳ ಬಲಪುಟಗಳ ಪ್ರತಿಯನ್ನೂ ಕೃತಿಸಂಪುಟವನ್ನೂ ಹೊಸ ತರಗತಿಯ ಶಿಕ್ಷಕರಿಗೆ ಮೊದಲ ವಾರದಲ್ಲಿಯೇ ಕೊಡಿ.