ದುಬೈ ಫ್ಲ್ಯಾಟ್ ಮಾರುವ ಮುಂಚೆ ಎನ್‌ಒಸಿ

ದುಬೈನಲ್ಲಿ ಡೆವಲಪರ್ ಎನ್‌ಒಸಿ (ತಮ್ಮ ಆಕ್ಷೇಪಣೆ ಇಲ್ಲವೆಂಬ ಪತ್ರ) ಕೊಡದೆ ಫ್ಲ್ಯಾಟ್ ಇನ್ನೊಬ್ಬರ ಹೆಸರಿಗೆ ಆಗುವುದಿಲ್ಲ. ಮೊದಲು ಕೊಳ್ಳುವವರ ಜೊತೆ ಫಾರ್ಮ್ ಎಫ್‌ಗೆ, ಅಂದರೆ ಮಾರಾಟದ ಒಪ್ಪಂದಕ್ಕೆ, ಸಹಿ ಹಾಕಿ. ಆಮೇಲೆ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣಾ ಶುಲ್ಕ) ಬಾಕಿ ನೋಡಿ. ನಾನು ಎಲ್ಲಾ ಕಟ್ಟಿಯಾಗಿದೆ ಅಂತ ಹಾಯಾಗಿದ್ದೆ. ಡೆವಲಪರ್ ಕೌಂಟರ್‌ನಲ್ಲಿದ್ದ ಹುಡುಗಿ ಸ್ಕ್ರೀನ್ ತಿರುಗಿಸಿ ತೋರಿಸಿದಳು: 212 ದಿರ್ಹಾಮ್, ಯಾವುದೋ ಹಳೇ ಲೇಟ್ ಫೀ! ಅಷ್ಟಕ್ಕೇ ಮೂರು ದಿನ ಸುಮ್ನೆ ಹೋಯಿತು. ಹಾಗಾಗಿ ಸ್ಟೇಟ್‌ಮೆಂಟ್ ಮೊದಲೇ ತರಿಸಿಕೊಳ್ಳಿ, ರಸೀದಿ ಪ್ರಿಂಟ್ ಮಾಡಿಟ್ಟುಕೊಳ್ಳಿ.

ಟೈಟಲ್ ಡೀಡ್ (ಮಾಲೀಕತ್ವ ಪತ್ರ), ಪಾಸ್‌ಪೋರ್ಟ್, ಎಮಿರೇಟ್ಸ್ ಐಡಿ ಪ್ರತಿಗಳು ಬೇಕು. ಎನ್‌ಒಸಿ ಶುಲ್ಕ ಒಬ್ಬೊಬ್ಬ ಡೆವಲಪರ್‌ಗೆ ಒಂದೊಂದು ರೀತಿ. ಅದಕ್ಕೆ ಅವಧಿಯೂ ಇರುತ್ತದೆ. ಕೊಳ್ಳುವವರ ಬ್ಯಾಂಕ್ ಸಾಲ ಇನ್ನೂ ಮಂಜೂರಾಗಿಲ್ಲವೆಂದರೆ ಎನ್‌ಒಸಿ ತೆಗೆಯಲು ಅವಸರ ಮಾಡಬೇಡಿ. ಪತ್ರ ಕೈಗೆ ಬಂದ ಮೇಲೆ ಇಬ್ಬರೂ ಹೆಸರು ಬದಲಾವಣೆ ನೋಂದಾಯಿಸುವ ಟ್ರಸ್ಟಿ ಆಫೀಸಿಗೆ ಹೋಗಬೇಕು. ಲ್ಯಾಂಡ್ ಡಿಪಾರ್ಟ್‌ಮೆಂಟ್‌ನ 4% ಶುಲ್ಕ ಯಾರು ಕಟ್ಟುವುದೆಂದು ಮೊದಲೇ ಬರೆದಿಟ್ಟುಕೊಳ್ಳಿ.